ಪೇಜು ಯಾರೇ ನಡೆಸಲಿ, ಮಾತಿನ ಹೊಣೆ ಅಂಗಡಿಯದ್ದು

ರಬಕವಿ-ಬನಹಟ್ಟಿಯಲ್ಲಿ ನೇಯ್ದ ಸೀರೆ ಉಡುವವರ ಕೈ ಸೇರುವಷ್ಟರಲ್ಲಿ ಎಷ್ಟೋ ಕೈ ದಾಟಿರುತ್ತದೆ. ನೂಲು ಕೊಟ್ಟು ಸೀರೆ ಎತ್ತುವ ಮಾಲಕ, ನಡುವಿನ ದಲಾಲ, ಮಹಾರಾಷ್ಟ್ರದ ಪೇಟೆಗಳ ಸಗಟು ವ್ಯಾಪಾರಿ, ಕೊನೆಗೆ ಯಾವುದೋ ಊರಿನ ಬಟ್ಟೆ ಅಂಗಡಿ. ಕೈ ಬದಲಾದಂತೆಲ್ಲ ಬೆಲೆ ಏರುತ್ತದೆ, ಏರಿದ ಬೆಲೆಯಲ್ಲಿ ಮಗ್ಗದವರ ಪಾಲು ಮಾತ್ರ ಏರುವುದಿಲ್ಲ. ಮೊಬೈಲು ಈ ದಾರಿಯನ್ನು ಮೊಟಕುಗೊಳಿಸಬಲ್ಲದು ಎಂಬ ಆಸೆ ಹುಟ್ಟಿದ್ದು ಹೀಗೆ. 2018ರಲ್ಲಿ ವಾಟ್ಸ್ಆ್ಯಪ್ ಬಿಸಿನೆಸ್ ಬಂದ ಮೇಲೆ ಸೀರೆಯ ಫೋಟೊ, ಬೆಲೆ, ವಿವರವನ್ನು ಕ್ಯಾಟಲಾಗಿನಲ್ಲಿ ಹಾಕಿ ನೇರವಾಗಿ ಗಿರಾಕಿಗೆ ತೋರಿಸುವುದು ಸಣ್ಣ ವ್ಯಾಪಾರಿಗೂ ಸಾಧ್ಯವಾಯಿತು. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಯೂಟ್ಯೂಬ್ ಅದಕ್ಕೆ ಜೊತೆಯಾದವು. ಮುಧೋಳದ ಬೆಲ್ಲ, ಜಮಖಂಡಿಯ ಬಂಗಾರದ ಅಂಗಡಿ, ಬೀಳಗಿಯ ಖಾನಾವಳಿ, ಎಲ್ಲಕ್ಕೂ ಇಂದು ಒಂದು ಪೇಜು ಬೇಕೆನಿಸಿದೆ. ಅದರ ಬೆನ್ನಿಗೇ ಪೇಜು ನೋಡಿಕೊಳ್ಳಲು ಒಬ್ಬರು ಬೇಕು ಎಂಬ ಹುಡುಕಾಟವೂ ಶುರುವಾಗಿದೆ.

ಆ ಹುಡುಕಾಟ ಸರಿಯಾದದ್ದೇ. ದಿನವಿಡೀ ಗಲ್ಲೆಯ ಮೇಲೆ ಕೂತವರಿಗೆ ಫೋಟೊ ತೆಗೆದು, ರೀಲ್ಸ್ ಮಾಡಿ, ಬಂದ ಮೆಸೇಜಿಗೆಲ್ಲ ಉತ್ತರ ಕೊಡುವ ಪುರುಸೊತ್ತು ಇರುವುದಿಲ್ಲ. ಆದರೆ ಒಬ್ಬರನ್ನು ಇಟ್ಟುಕೊಂಡ ಕೂಡಲೇ ‘ಇನ್ನು ಅದು ನಿಂದು, ನೀ ನೋಡ್ಕೋ’ ಎಂದು ಕೈತೊಳೆದುಕೊಳ್ಳುವುದು ತಪ್ಪು. ಹಿಂದಿನ ಪೇಟೆಯಲ್ಲಿ ಕೀರ್ದಿ ಬರೆಯಲು ಗುಮಾಸ್ತರಿದ್ದರು. ಅಕ್ಷರ ಗುಮಾಸ್ತರದ್ದು, ಲೆಕ್ಕದ ಹೊಣೆ ಸಾಹುಕಾರರದ್ದು. ಸಂಜೆ ಅಂಗಡಿ ಮುಚ್ಚುವ ಮುನ್ನ ಅವರು ಪುಟ ತಿರುವಿ ನೋಡದೆ ಏಳುತ್ತಿರಲಿಲ್ಲ, ಕೀರ್ದಿ ಗುಮಾಸ್ತರ ಮನೆಗೆ ಹೋಗುತ್ತಲೂ ಇರಲಿಲ್ಲ. ಪೇಜಿನ ವಿಷಯದಲ್ಲೂ ಇದೇ ಪದ್ಧತಿ ಬೇಕೆಂಬುದು ನನ್ನ ವಾದ. ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಬಹುದು, ಒಡೆತನವನ್ನೂ ಮಾತಿನ ಸತ್ಯಾಸತ್ಯದ ಹೊಣೆಯನ್ನೂ ಒಪ್ಪಿಸಲಾಗದು.

ಮೊದಲು ಒಡೆತನದ ಮಾತು. ಪೇಜನ್ನು ತೆರೆಯುವಾಗ ಕೊಡುವ ಮೊಬೈಲ್ ನಂಬರು ಮತ್ತು ಇ-ಮೇಲ್ ಯಾರದ್ದೋ ಅದರ ಕೀಲಿಕೈಯೂ ಅವರದ್ದೇ. ಪಾಸ್‌ವರ್ಡ್ ಮರೆತಾಗ ಒಟಿಪಿ ಹೋಗುವುದು ಆ ಸಿಮ್ಮಿಗೆ. ಹೊಸದಾಗಿ ಸೇರಿದ ಹುಡುಗ ತನ್ನ ಸ್ವಂತ ನಂಬರಿನಲ್ಲಿ ಅಂಗಡಿಯ ಖಾತೆ ತೆರೆದರೆ, ಅವನು ಬೇರೆ ಕೆಲಸ ಹಿಡಿದು ಹೋದ ದಿನ ಎರಡು ಮೂರು ವರ್ಷ ಕೂಡಿಸಿದ ಗಿರಾಕಿಗಳೂ ಅವನ ಜೊತೆ ಹೋಗುತ್ತಾರೆ. ಅವನು ಕೆಟ್ಟವನಾಗಬೇಕೆಂದೇನಿಲ್ಲ, ಫೋನು ಕಳೆದುಕೊಂಡರೂ ಸಾಕು. ಅಂಗಡಿಯ ಹೆಸರಿನಲ್ಲೇ ಒಂದು ಸಿಮ್, ಒಂದು ಇ-ಮೇಲ್ ಮಾಡಿಸಿ, ಮಾಲಕರೇ ಪೂರ್ಣ ಅಧಿಕಾರ ಇಟ್ಟುಕೊಂಡು, ಕೆಲಸಗಾರರಿಗೆ ಬೇಕಾದಷ್ಟೇ ಅಧಿಕಾರ ಕೊಡಬೇಕು. ಫೇಸ್‌ಬುಕ್ ಪೇಜಿನಲ್ಲಿ ಹೀಗೆ ಅಧಿಕಾರ ಹಂಚುವ ವ್ಯವಸ್ಥೆ ಇದೆ. ಪೂರ್ಣ ಅಧಿಕಾರ ಇರುವವರು ಉಳಿದವರನ್ನು ಹೊರಹಾಕಬಹುದಾದ್ದರಿಂದ ಆ ಅಧಿಕಾರ ಮನೆಯೊಳಗೇ ಇರಬೇಕು. ಹಣ ಪಡೆಯುವ ಕ್ಯೂಆರ್ ಕೋಡಿನ ಬಗ್ಗೆ ಇನ್ನೂ ಬಿಗಿ ಬೇಕು. ಪೇಜಿನಲ್ಲಿ ಕಾಣುವ ಕ್ಯೂಆರ್ ಅಂಗಡಿಯ ಬ್ಯಾಂಕ್ ಖಾತೆಯದ್ದೇ ಆಗಿರಬೇಕು. ‘ಸದ್ಯಕ್ಕೆ ನನ್ನ ನಂಬರಿಗೆ ಹಾಕಿಸ್ತೀನ್ರಿ, ಆಮೇಲೆ ಕೊಡ್ತೀನಿ’ ಎನ್ನುವ ಸಡಿಲಿಕೆಗೆ ಒಂದು ದಿನವೂ ಜಾಗ ಕೊಡಬಾರದು.

ಪೇಜು ನಮ್ಮ ಹೆಸರಿನಲ್ಲಿದ್ದರೂ ಅದು ನಿಂತಿರುವುದು ಬೇರೆಯವರ ನೆಲದ ಮೇಲೆ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿದಾಗ ಅದನ್ನೇ ನಂಬಿದ್ದವರ ಲಕ್ಷಾಂತರ ಫಾಲೋವರ್ಸ್ ಏಕಾಏಕಿ ಇಲ್ಲವಾದರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಮೂರೂ ಕೂಡಿಯೇ ಸುಮಾರು ಆರು ಗಂಟೆ ಸ್ತಬ್ಧವಾದವು. ಆದ್ದರಿಂದ ಸೀರೆ ಕೊಂಡವರ ಹೆಸರು, ಊರು, ನಂಬರು, ಏನು ಕೊಂಡರು ಎಂಬುದು ಅಂಗಡಿಯ ಸ್ವಂತ ಪುಸ್ತಕದಲ್ಲೋ ಕಂಪ್ಯೂಟರಿನಲ್ಲೋ ಬೇರೆಯಾಗಿ ಇರಬೇಕು. ಅದನ್ನು ಬರೆದಿಡುವುದು ಪೇಜು ನಡೆಸುವವರ ಕೆಲಸದ ಭಾಗವೆಂದು ಮೊದಲೇ ಹೇಳಬೇಕು. ಆ ಪಟ್ಟಿ ಹೊರಗೆ ಹೋಗಬಾರದೆಂದು ಬರೆಸಿಕೊಳ್ಳುವುದೂ ಅಗತ್ಯ. ಇಲ್ಲಿ ಒಂದು ಮಿತಿಯನ್ನು ಮಾಲಕರು ತಿಳಿದಿರಬೇಕು. 1872ರ ಕರಾರು ಕಾಯ್ದೆಯ 27ನೇ ಕಲಮಿನಂತೆ, ‘ಕೆಲಸ ಬಿಟ್ಟ ಮೇಲೆ ಬೇರೆ ಸೀರೆ ಅಂಗಡಿಗೆ ಹೋಗಬಾರದು’ ಎಂಬ ಷರತ್ತು ನಿಲ್ಲುವುದಿಲ್ಲ. ದುಡಿದು ತಿನ್ನುವವರ ದಾರಿ ಕಟ್ಟುವುದು ನ್ಯಾಯವೂ ಅಲ್ಲ. ಪಟ್ಟಿಯ ಗುಟ್ಟು ಕಾಯಿರಿ ಎನ್ನಬಹುದು, ಪೇಜಿನ ಕೀಲಿ ಒಪ್ಪಿಸಿ ಹೋಗಿ ಎನ್ನಬಹುದು. ಅಷ್ಟು ಸಾಕು.

ಇನ್ನು ಮಾತಿನ ಸತ್ಯ. ನಮ್ಮ ಭಾಗದಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಬನಹಟ್ಟಿಯಲ್ಲಿ ಕೈಮಗ್ಗವೂ ಇದೆ, ಪವರ್‌ಲೂಮೂ ಇದೆ. ಎರಡೂ ಮರ್ಯಾದೆಯ ದುಡಿಮೆ. ಪವರ್‌ಲೂಮಿನ ಸೀರೆಗೆ ಕಡಿಮೆ ಬೆಲೆಯ, ದಿನನಿತ್ಯ ಉಡುವ ಸೀರೆ ಎಂಬ ತನ್ನದೇ ಗಿರಾಕಿ ಬಳಗವಿದೆ. ಅದನ್ನು ‘ಅಪ್ಪಟ ಕೈಮಗ್ಗ’ ಎಂದು ಹಾಕಿದಾಗ ಕೆಡುಕು ಶುರುವಾಗುತ್ತದೆ. ಹೊಸದಾಗಿ ಬಂದವರು ಬೇರೆ ಪೇಜುಗಳಲ್ಲಿ ಓಡುವ ಪದಗಳನ್ನು ನೋಡಿ ಅದನ್ನೇ ಹಾಕುತ್ತಾರೆ, ಅವರಿಗೆ ವ್ಯತ್ಯಾಸ ಗೊತ್ತಿರಲಿಕ್ಕಿಲ್ಲ. ಮಾಲಕರಿಗೆ ಗೊತ್ತಿದೆ. ಕೈಮಗ್ಗಕ್ಕೆಂದು ಮೀಸಲಾದ 11 ಬಗೆಯ ಬಟ್ಟೆಗಳನ್ನು ಪವರ್‌ಲೂಮಿನಲ್ಲಿ ನೇಯುವುದು 1985ರ ಕಾಯ್ದೆಯ ಪ್ರಕಾರ ಅಪರಾಧ, ಆ ಪಟ್ಟಿಯಲ್ಲಿ ಕೆಲವು ಬಗೆಯ ಸೀರೆಗಳೂ ಇವೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಹಾಗಲ್ಲದ ಸೀರೆಗೆ ಆ ಹೆಸರು ಕಟ್ಟಿದರೆ 1999ರ ಕಾಯ್ದೆಯಲ್ಲಿ ಜೈಲುಶಿಕ್ಷೆಗೂ ಅವಕಾಶವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ ತಯಾರಕರ ಮೇಲೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಪೇಜಿನ ಪೋಸ್ಟ್ ಕೂಡ ಜಾಹೀರಾತೇ. ‘ಹುಡುಗ ಹಾಕಿದ್ದು, ನನಗೆ ಗೊತ್ತಿಲ್ಲ’ ಎಂಬ ಮಾತನ್ನು ಕೇಳುವವರು ಇರುವುದಿಲ್ಲ.

ದಂಡಕ್ಕಿಂತ ದೊಡ್ಡ ನಷ್ಟವೂ ಇದೆ. ಇನ್‌ಬಾಕ್ಸಿಗೆ ಬರುವ ಒಂದು ಸಾಮಾನ್ಯ ಪ್ರಶ್ನೆಯನ್ನೇ ನೋಡಿ: ‘ಇದು ಕೈಮಗ್ಗದ್ದೇನ್ರೀ? ಬಣ್ಣ ಹೋಗ್ತದೇನ್ರೀ?’ ಪೇಜು ನಡೆಸುವವರು ಮಾಲನ್ನು ಕೈಯಲ್ಲಿ ಹಿಡಿದು ನೋಡಿದವರಾದರೆ, ‘ಇದು ಪವರ್‌ಲೂಮಿನದ್ರೀ, ಹತ್ತಿ ನೂಲು. ಮೊದಲ ಸಲ ಬೇರೆ ನೀರಿನಾಗ ನೆನಸ್ರಿ, ದಡಿಯ ಬಣ್ಣ ಸ್ವಲ್ಪ ಬಿಡ್ತದ’ ಎಂದು ಬರೆಯುತ್ತಾರೆ. ಗೊತ್ತಿಲ್ಲದವರಾದರೆ ‘ಒನ್ ಹಂಡ್ರೆಡ್ ಪರ್ಸೆಂಟ್ ಹ್ಯಾಂಡ್‌ಲೂಮ್, ಗ್ಯಾರಂಟಿ’ ಎಂದು ಬರೆದು ಒಂದು ಹೃದಯದ ಚಿತ್ರ ಅಂಟಿಸುತ್ತಾರೆ. ಮೊದಲ ಉತ್ತರ ಓದಿದವರು ಕೊಂಡರೂ ಕೊಳ್ಳದಿದ್ದರೂ ಅಂಗಡಿಯನ್ನು ನಂಬುತ್ತಾರೆ. ಎರಡನೆಯದನ್ನು ನಂಬಿ ಕೊಂಡವರು ಸೀರೆ ಒಗೆದ ದಿನವೇ ಮೋಸ ಹೋದೆವೆಂದು ತಿಳಿಯುತ್ತಾರೆ, ಆ ಮಾತು ಬನಹಟ್ಟಿಯ ಎಲ್ಲ ಸೀರೆಗೂ ಅಂಟುತ್ತದೆ. ಫಿಲ್ಟರ್ ಹಾಕಿ ಬಣ್ಣ ಹೆಚ್ಚಿಸಿದ ಫೋಟೊದ ಗತಿಯೂ ಇದೇ. ಹಗಲಿನ ಬೆಳಕಿನಲ್ಲಿ, ಸೆರಗು, ದಡಿ, ಒಡಲು ಮೂರನ್ನೂ ಬೇರೆಬೇರೆಯಾಗಿ ತೆಗೆದ ಸಾದಾ ಫೋಟೊ ವಾಪಸು ಬರುವ ಪಾರ್ಸೆಲ್ಲುಗಳನ್ನು ಕಡಿಮೆ ಮಾಡುತ್ತದೆ.

ಸೀರೆಯಷ್ಟೇ ಅಲ್ಲ. ಮುಧೋಳ, ಜಮಖಂಡಿಯ ಕಬ್ಬಿನ ಸೀಮೆಯ ಬೆಲ್ಲಕ್ಕೆ ‘ಸಾವಯವ’ ಎಂಬ ಪದ ಸಲೀಸಾಗಿ ಬಂದು ಕೂಡುತ್ತದೆ. ಪ್ಯಾಕು ಮಾಡಿ ಅಂಗಡಿಗಳಿಗೆ ಸಾವಯವ ಎಂದು ಮಾರಬೇಕಾದರೆ ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪ್ರಮಾಣಪತ್ರ ಬೇಕು. ‘ಈ ಬೆಲ್ಲ ತಿಂದರೆ ಸಕ್ಕರೆ ಕಾಯಿಲೆ ಬರುವುದಿಲ್ಲ’ ಎಂಬಂಥ ರೀಲ್ಸ್ ಜನರ ಆರೋಗ್ಯಕ್ಕೇ ಅಪಾಯ, ಆಹಾರ ಸುರಕ್ಷತಾ ಕಾಯ್ದೆಯಲ್ಲೂ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡವಿದೆ. ಮುಧೋಳ ನಾಯಿಯ ವಿಷಯ ಇನ್ನೂ ಸೂಕ್ಷ್ಮ. 2020ರ ಆಗಸ್ಟ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಅದರ ಹೆಸರೆತ್ತಿದ ಮೇಲೆ ದೇಶದ ಕಣ್ಣು ಅದರ ಮೇಲೆ ಬಿತ್ತು. ಮರಿಗಳ ವಿಡಿಯೊ ಬೇಗ ಓಡುತ್ತದೆ, ಲೈಕು ಬರುತ್ತದೆಂದು ಕಣ್ಣು ಬಿಡದ ಮರಿಗಳನ್ನೂ ಮಾರಾಟಕ್ಕೆಂದು ತೋರಿಸುವ ಆಸೆ ಹುಟ್ಟುತ್ತದೆ. 2017ರ ನಾಯಿ ತಳಿ ಸಾಕಣೆ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, ಸಾಕಣೆದಾರರು ನೋಂದಣಿಯನ್ನೂ ಮಾಡಿಸಿರಬೇಕು. ಇಂಥವನ್ನು ಪೇಜು ನಡೆಸುವವರು ತಾವಾಗಿ ತಿಳಿದಿರುತ್ತಾರೆಂದು ನಿರೀಕ್ಷಿಸಬಾರದು. ದಂಧೆಯ ನಿಯಮವನ್ನು ಹೇಳಿಕೊಡಬೇಕಾದವರು ದಂಧೆ ಮಾಡುವವರೇ.

ಹಾಗಾದರೆ ಯಾರನ್ನು ತೆಗೆದುಕೊಳ್ಳಬೇಕು? ಬೆಂಗಳೂರು, ಪುಣೆಯ ಏಜೆನ್ಸಿ ಹೊಳಪಿನ ಪೋಸ್ಟ್ ಮಾಡಿಕೊಡಬಹುದು, ಆದರೆ ಅದಕ್ಕೆ ಮಗ್ಗ ಗೊತ್ತಿಲ್ಲ. ರಬಕವಿ-ಬನಹಟ್ಟಿ, ಮುಧೋಳ, ಜಮಖಂಡಿ, ಬೀಳಗಿ, ನಮ್ಮ ಈ ನಾಲ್ಕೂ ಊರುಗಳಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುವ ಹುಡುಗ ಹುಡುಗಿಯರಿದ್ದಾರೆ. ನೇಕಾರರ ಮನೆಯಲ್ಲಿ ಬೆಳೆದವಳಿಗೆ ಹಾಸು ಯಾವುದು, ಹೊಕ್ಕು ಯಾವುದು ಎಂದು ಯಾರೂ ಕಲಿಸಬೇಕಿಲ್ಲ. ಗಡಿ ಭಾಗದವರಾದ್ದರಿಂದ ಅನೇಕರಿಗೆ ಮರಾಠಿಯೂ ಬರುತ್ತದೆ, ಸೊಲ್ಲಾಪುರದ ಗಿರಾಕಿಗೆ ಅವರ ಮಾತಿನಲ್ಲೇ ಉತ್ತರ ಕೊಡಬಲ್ಲರು. ಆಯ್ಕೆ ಮಾಡುವಾಗ ಅವರ ಸ್ವಂತ ಖಾತೆಗೆ ಎಷ್ಟು ಫಾಲೋವರ್ಸ್ ಇದ್ದಾರೆಂದು ಕೇಳುವುದಕ್ಕಿಂತ, ಒಂದು ಸೀರೆ ಕೈಗೆ ಕೊಟ್ಟು ಇದನ್ನು ನಾಲ್ಕು ಸಾಲಿನಲ್ಲಿ ಗಿರಾಕಿಗೆ ವಿವರಿಸಿ ಎನ್ನುವುದು ಒಳ್ಳೆಯ ಪರೀಕ್ಷೆ. ಸಿಟ್ಟಾದ ಗಿರಾಕಿಯ ಒಂದು ಮೆಸೇಜ್ ತೋರಿಸಿ ಏನು ಉತ್ತರ ಬರೆಯುತ್ತೀರಿ ಎಂದು ಕೇಳಿದರೆ ಅವರ ಸ್ವಭಾವವೂ ತಿಳಿಯುತ್ತದೆ. ಮೊದಲ ಮೂರು ತಿಂಗಳು ಪರೀಕ್ಷೆಯ ಅವಧಿ ಎಂದು ಒಪ್ಪಿಕೊಂಡು, ಸಂಬಳ, ಕೆಲಸದ ಹೊತ್ತು, ರಜೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಬೇಕು. ರಾತ್ರಿ ಹನ್ನೊಂದಕ್ಕೂ ಮೆಸೇಜಿಗೆ ಉತ್ತರ ಕೊಡಬೇಕೆನ್ನುವವರು ಅದಕ್ಕೆ ತಕ್ಕ ಸಂಬಳವನ್ನೂ ಕೊಡಬೇಕು.

ಕೆಲಸ ಅಳೆಯುವುದರಲ್ಲೂ ಎಚ್ಚರ ಬೇಕು. ಫಾಲೋವರ್ಸ್ ಮತ್ತು ಲೈಕು ಕಣ್ಣಿಗೆ ಕಾಣುವ ಲೆಕ್ಕ, ಆದರೆ ಅವು ದುಡ್ಡಿಗೂ ಸಿಗುತ್ತವೆ. ಮಾಲಕರು ಅದನ್ನೇ ಕೇಳುತ್ತ ಹೋದರೆ ಕೆಲಸಗಾರರೂ ಅದನ್ನೇ ತಂದು ಗುಡ್ಡೆ ಹಾಕುತ್ತಾರೆ. ಈ ವಾರ ಎಷ್ಟು ಜನ ಬೆಲೆ ಕೇಳಿದರು, ಎಷ್ಟು ಆರ್ಡರ್ ಆಯಿತು, ಎಷ್ಟು ವಾಪಸು ಬಂತು, ಏಕೆ ಬಂತು ಎಂಬುದೇ ನಿಜವಾದ ಲೆಕ್ಕ. ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಹೊಸ ಆರ್ಡರ್, ಹಣ ಬಾಕಿ ಎಂದು ಲೇಬಲ್ ಹಚ್ಚುವ ಸೌಲಭ್ಯವೇ ಇರುವುದರಿಂದ ಈ ಲೆಕ್ಕಕ್ಕೆ ಹೆಚ್ಚಿನ ಶ್ರಮ ಬೇಡ. ಜಾಹೀರಾತಿಗೆ ಸುರಿಯುವ ದುಡ್ಡಿಗೂ ಇದೇ ಮಾತು. ಬೀಳಗಿಯ ಖಾನಾವಳಿಯ ಪೋಸ್ಟನ್ನು ಇಡೀ ರಾಜ್ಯಕ್ಕೆ ಬೂಸ್ಟ್ ಮಾಡಿದರೆ ಮೈಸೂರಿನವರು ಲೈಕ್ ಒತ್ತಬಹುದು, ರೊಟ್ಟಿ ಊಟಕ್ಕೆ ಬರುವುದಿಲ್ಲ. ಸುತ್ತಲಿನ ಇಷ್ಟು ಕಿಲೋಮೀಟರಿಗೆ ಮಾತ್ರ ಎಂದು ಮಿತಿ ಹಾಕಲು ಬರುತ್ತದೆ, ಹಾಕಿದ್ದಾರೋ ಇಲ್ಲವೋ ಮಾಲಕರು ಕೇಳಬೇಕು.

‘ನಮ್ಮದು ಸಣ್ಣ ಅಂಗಡಿ, ಸಂಬಳ ಕೊಟ್ಟು ಇಟ್ಟುಕೊಳ್ಳುವಷ್ಟು ಶಕ್ತಿ ಇಲ್ಲ, ಅಣ್ಣನ ಮಗ ಪುಕ್ಕಟೆ ಮಾಡಿಕೊಡ್ತಾನ’ ಎನ್ನುವವರಿದ್ದಾರೆ. ಪುಕ್ಕಟೆ ಕೆಲಸವನ್ನು ಜಬರ್ದಸ್ತಿನಿಂದ ಕೇಳಲಾಗುವುದಿಲ್ಲ, ಪರೀಕ್ಷೆ ಬಂತೆಂದರೆ ಪೇಜು ಮಲಗುತ್ತದೆ. ಅದರ ಬದಲು ಮೂರು ನಾಲ್ಕು ಅಂಗಡಿಯವರು ಕೂಡಿ ಒಬ್ಬರಿಗೆ ಮರ್ಯಾದೆಯ ಸಂಬಳ ಕೊಟ್ಟು, ದಿನಗಳನ್ನು ಹಂಚಿಕೊಳ್ಳಬಹುದು. ಒಂದೇ ಮಾಲಿನ ಪೈಪೋಟಿ ಇಲ್ಲದವರು ಕೂಡಿದರೆ ತಕರಾರೂ ಇರದು. ‘ನಮ್ಮ ವ್ಯಾಪಾರವೆಲ್ಲ ಸಗಟು, ಪೇಜು ಏತಕ್ಕೆ’ ಎಂಬುದು ಇನ್ನೊಂದು ಮಾತು, ಅದರಲ್ಲಿ ಹುರುಳಿದೆ. ಎಲ್ಲರಿಗೂ ಪೇಜು ಬೇಕಿಲ್ಲ. ಮಾಲು ನೇರ ಮಾರುವ, ಒಂದೊಂದೇ ಪಾರ್ಸೆಲ್ ಕಟ್ಟಿ ಕಳಿಸುವ, ವಾಪಸು ಬಂದದ್ದನ್ನು ತೆಗೆದುಕೊಳ್ಳುವ ಏರ್ಪಾಡು ಇಲ್ಲದವರು ಪೇಜಿಗೆ ಖರ್ಚು ಮಾಡಿ ಗಿರಾಕಿಯನ್ನು ಕರೆದು ನಿರಾಸೆ ಮಾಡುವುದಕ್ಕಿಂತ ಸುಮ್ಮನಿರುವುದು ಲೇಸು.

ಗಟ್ಟಿಯಾದ ಆಕ್ಷೇಪವೆಂದರೆ, ‘ನನಗೆ ಈ ತಂತ್ರಜ್ಞಾನವೇ ತಿಳಿಯುವುದಿಲ್ಲ, ಮೇಲ್ವಿಚಾರಣೆ ಹೇಗೆ ಮಾಡಲಿ’ ಎಂಬುದು. ಆದರೆ ಪರಿಶೀಲಿಸಬೇಕಾದದ್ದು ತಂತ್ರಜ್ಞಾನವನ್ನಲ್ಲ, ಮಾತನ್ನು. ವಾರಕ್ಕೊಮ್ಮೆ ಅರ್ಧ ಗಂಟೆ ಕೆಲಸಗಾರರ ಪಕ್ಕ ಕೂತು, ಹಾಕಿದ ಪೋಸ್ಟುಗಳನ್ನು ಮಾಲು ಎದುರಿಗಿಟ್ಟುಕೊಂಡು ಓದಿಸಿ ಕೇಳಿ. ಇನ್‌ಬಾಕ್ಸಿನ ಹತ್ತು ಸಂಭಾಷಣೆ ನೋಡಿ. ಜಾಹೀರಾತಿನ ಖರ್ಚಿನ ರಸೀದಿಯನ್ನು ಬ್ಯಾಂಕಿನ ಲೆಕ್ಕದೊಂದಿಗೆ ತಾಳೆ ನೋಡಿ. ಇದಕ್ಕೆ ಬೇಕಾದ ಜ್ಞಾನ ಮಾಲಕರಲ್ಲೇ ಇದೆ. ಇಷ್ಟು ಬಿಗಿ ಮಾಡಿದರೆ ಹುಡುಗರ ಉಮೇದು ಕುಗ್ಗುತ್ತದೆ ಎನ್ನುವವರಿಗೆ ಹೇಳುವುದಿಷ್ಟೇ: ಹೇಗೆ ತೋರಿಸಬೇಕು ಎಂಬುದನ್ನು ಪೂರ್ತಿ ಅವರಿಗೇ ಬಿಡಿ. ಹಾಡು, ಕೋನ, ನಗು, ಮಾತಿನ ಧಾಟಿ ಅವರದ್ದಿರಲಿ, ಪ್ರತಿ ಪೋಸ್ಟಿಗೂ ಅಪ್ಪಣೆ ಕೇಳುವ ಹಿಂಸೆ ಬೇಡ. ಏನು ಹೇಳಬಾರದು ಎಂಬ ಐದಾರು ಸಾಲನ್ನು ಮಾತ್ರ ಮೊದಲೇ ಬರೆದುಕೊಡಿ: ಇಲ್ಲದ ಗುಣ ಹೇಳಬಾರದು, ಬೇರೆಯವರ ಫೋಟೊ ಕದಿಯಬಾರದು, ಗಿರಾಕಿಯ ವೇಷದಲ್ಲಿ ನಾವೇ ಹೊಗಳಿಕೊಳ್ಳಬಾರದು, ದುಡ್ಡು ಕೊಟ್ಟು ಹೇಳಿಸಿದ್ದನ್ನು ಮುಚ್ಚಿಡಬಾರದು, ಜಗಳಕ್ಕೆ ಜಗಳ ಹಚ್ಚಬಾರದು. ಎಲ್ಲೆ ಸ್ಪಷ್ಟವಿದ್ದಾಗಲೇ ಕೆಲಸ ಮಾಡುವವರು ನಿರ್ಭಯವಾಗಿ ಹೊಸದನ್ನು ಪ್ರಯತ್ನಿಸುತ್ತಾರೆ.

ವ್ಯಾಪಾರಸ್ಥರ ಸಂಘಗಳು, ನೇಕಾರರ ಸಹಕಾರಿ ಸಂಘಗಳು, ಪದವಿ ಕಾಲೇಜುಗಳು ಕೂಡಿ ಇದಕ್ಕೊಂದು ಸರಳ ಕರಾರಿನ ನಮೂನೆಯನ್ನು ಕನ್ನಡದಲ್ಲಿ ಸಿದ್ಧಪಡಿಸಬಹುದು. ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಅಂದು ಭಾಷಣ, ಸನ್ಮಾನದ ಜೊತೆಗೆ ಮಾಲಕರನ್ನೂ ಈ ಕೆಲಸ ಮಾಡಬಯಸುವ ಯುವಕ ಯುವತಿಯರನ್ನೂ ಒಂದೆಡೆ ಕೂರಿಸಿ ಒಂದು ದಿನದ ತರಬೇತಿ ನಡೆಸಿದರೆ ಅದರ ಫಲ ವರ್ಷವಿಡೀ ಉಳಿಯುತ್ತದೆ. ಇಲ್ಲಿನ ಮಕ್ಕಳು ಇಲ್ಲೇ ದುಡಿಯುವ ಒಂದು ಹೊಸ ಉದ್ಯೋಗ ನಮ್ಮ ಬಾಗಿಲಿಗೆ ಬಂದಿದೆ. ಅದನ್ನು ಪುಕ್ಕಟೆ ಚಾಕರಿ ಮಾಡಿ ಕೆಡಿಸಬಾರದು, ಲಂಗುಲಗಾಮಿಲ್ಲದೆ ಬಿಟ್ಟೂ ಕೆಡಿಸಬಾರದು. ತಕ್ಕ ಸಂಬಳ ಕೊಟ್ಟು, ಸರಿಯಾದ ಮಾತು ಹೇಳಿಕೊಟ್ಟು, ವಾರವಾರವೂ ಲೆಕ್ಕ ಕೇಳುವ ಮಾಲಕರ ಮಾಲನ್ನು ದೂರದ ಗಿರಾಕಿ ಮುಟ್ಟಿ ನೋಡದೆಯೂ ನಂಬಿ ಕೊಳ್ಳುತ್ತಾರೆ.