ಗೃಹಸ್ಥರೊಡನೆ ನಾಲ್ಕು ಮಾತು: ಗಡಿಸೀಮೆಯ ಬೆಲೆ

ವ್ಯಾಪಾರವು ಕುಗ್ಗಿದ ಕಾಲದಲ್ಲಿ ಪದಾರ್ಥಗಳೆಲ್ಲವೂ ಅಗ್ಗವಾಗುವುವೆಂದು ಗೃಹಸ್ಥರು ಎಣಿಸುವುದುಂಟು. ಗಡಿಗೆ ಸಮೀಪವಾದ ಸೀಮೆಯಲ್ಲಿ ಈ ಎಣಿಕೆಯು ಸಲ್ಲದೆಂಬುದನ್ನು 2020ನೆಯ ಇಸವಿಯ ಕೊರೋನಾ ಪಿಡುಗು ನಮಗೆ ಕಲಿಸಿತು.

ಕೊಳ್ಳೇಗಾಲದಿಂದ ಹೊರಟು ತಿ. ನರಸೀಪುರ, ಮೈಸೂರು, ನಂಜನಗೂಡು, ಗುಂಡ್ಲುಪೇಟೆಗಳ ಮೇಲೆ ಕೇರಳದ ಕಲ್ಲಿಕೋಟೆಯನ್ನು ಸೇರುವ 766ನೆಯ ಹೆದ್ದಾರಿಯು ಈ ಸೀಮೆಯ ಬಾಳೆಗೂ ತರಕಾರಿಗೂ ಪೇಟೆಯ ಬಾಗಿಲು. ಆ ವರ್ಷ ಮಾರ್ಚಿ 25ರಿಂದ ದೇಶವೆಲ್ಲ ಸ್ತಬ್ಧವಾಗಲು, ಗಡಿಯಲ್ಲಿ ತಡೆಗಳುಂಟಾದುವು. ಅತ್ತಣ ಹೋಟೆಲುಗಳೂ ಮದುವೆಯೂಟಗಳೂ ನಿಂತುವು. ಕೊಳ್ಳುವವರಿಲ್ಲದೆ ಹಣ್ಣು ತರಕಾರಿಗಳ ಬೆಲೆಯು ಹೊಲದಲ್ಲಿಯೇ ಬಿದ್ದಿತು. ಕೊಳೆಯುವ ಪದಾರ್ಥಕ್ಕೆ ಕಾಯುವ ಶಕ್ತಿಯಿಲ್ಲವಷ್ಟೆ.

ಬೇಳೆ ಎಣ್ಣೆಗಳಾದರೋ ಉಗ್ರಾಣದಲ್ಲಿ ಕಾಯಬಲ್ಲುವು. ಅಡಿಗೆಯ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪರದೇಶಗಳಿಂದಲೇ ಬರತಕ್ಕದ್ದು. ಆ ವರ್ಷದ ಏಪ್ರಿಲಿನಿಂದ ಜೂನಿನವರೆಗೆ ದೇಶದ ಉತ್ಪತ್ತಿಯು ಹಿಂದಿನ ವರ್ಷಕ್ಕಿಂತ ಶೇಕಡಾ ಸುಮಾರು 24ರಷ್ಟು ಇಳಿಯಿತು. ಆದರೂ ಅಕ್ಟೋಬರಿನಲ್ಲಿ ದೇಶದ ಆಹಾರಪದಾರ್ಥಗಳ ಚಿಲ್ಲರೆ ಬೆಲೆಯು ಹಿಂದಿನ ವರ್ಷಕ್ಕಿಂತ ಶೇಕಡಾ 11ರಷ್ಟು ಏರಿತ್ತು. ಹೀಗೆ ಹೊಲದಲ್ಲಿ ಸಮರ್ಘ, ಅಡಿಗೆಮನೆಯಲ್ಲಿ ಮಹರ್ಘ. ಬೆಳೆದವನಿಗೂ ನಷ್ಟ, ಉಣ್ಣುವವನಿಗೂ ಕಷ್ಟ.

ಆದುದರಿಂದ ಇಂತಹ ಕಾಲದಲ್ಲಿ ಯಜಮಾನರೂ ಗೃಹಿಣಿಯರೂ ಮೂರು ವಿಷಯಗಳನ್ನು ಮನದಲ್ಲಿಡಬೇಕು. ದೂರದ ಪದಾರ್ಥವನ್ನು ಹೆದರಿ ಕೂಡಿಡಬಾರದು. ಅದರಿಂದ ಬಡವರ ಪಾಲಿಗೆ ಬೆಲೆಯು ಮತ್ತಷ್ಟು ಏರುವುದು. ನೆರೆಯ ಹೊಲದಲ್ಲಿ ಬೆಳೆದುದಕ್ಕೆ ತಕ್ಕಂತೆ ಅಡಿಗೆಯನ್ನು ಹೊಂದಿಸಿಕೊಳ್ಳಬೇಕು. ಬುಟ್ಟಿ ಹೊತ್ತು ಬಾಗಿಲಿಗೆ ಬಂದ ರೈತನೊಡನೆ ಕಾಸಿಗೆ ಕಾಸು ಚೌಕಾಸಿ ಮಾಡಬಾರದು. ಅಗ್ಗವಾಯಿತೆಂದು ಹಿಗ್ಗುವ ಮುನ್ನ, ಆ ಅಗ್ಗವು ಯಾರ ಮನೆಯ ನಷ್ಟವೆಂದು ವಿಚಾರಿಸುವುದು ಗೃಹಸ್ಥಧರ್ಮ.