ಎಲ್ಲರಿಗೂ ಗೊತ್ತಿತ್ತು, ಯಾರೂ ಕೂಡಿ ಕೂರಲಿಲ್ಲ

ಒಂಬತ್ತನೇ ಕ್ಲಾಸಿನ ಹುಡುಗಿ ದಸರಾ ರಜೆ ಮುಗಿದರೂ ಶಾಲೆಗೆ ಬರುವುದಿಲ್ಲ. ಅಪ್ಪ ಅಮ್ಮನ ಜತೆ ಗುಳೆ ಹೋಗಿರಬೇಕು ಎಂದುಕೊಂಡು ಮೇಷ್ಟ್ರು ಗೈರು ಹಾಕುತ್ತಾರೆ. ಮದುವೆ ಆಗಿದ್ದು ಅಂಗನವಾಡಿ ಟೀಚರಿಗೆ ಗೊತ್ತು. ಬಸುರಿ ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತು. ಹೆರಿಗೆಗೆ ಹೋದಾಗ ಆಧಾರ್ ನೋಡಿ ಆಸ್ಪತ್ರೆಯವರು ಪೊಲೀಸರಿಗೆ ಫೋನ್ ಮಾಡುತ್ತಾರೆ. ಇದು ಯಾರೊಬ್ಬರ ಮನೆಯ ಕಥೆಯಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಓಡಾಡಿದವರಿಗೆ ಹೊಸದೂ ಅಲ್ಲ.

ಕಾನೂನಿಗೇನೂ ಕೊರತೆಯಿಲ್ಲ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ಹೇಳಲೇಬೇಕು ಎನ್ನುತ್ತದೆ 2012ರ ಪೋಕ್ಸೊ ಕಾಯ್ದೆ. ಮುಚ್ಚಿಟ್ಟರೆ ಆರು ತಿಂಗಳವರೆಗೆ ಜೈಲು. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಬಾಲ್ಯವಿವಾಹ ತಡೆಯುವ ಹೊಣೆಯೂ ಸಿಡಿಪಿಒ ಒಬ್ಬರದೇ ಅಲ್ಲ, ತಹಶೀಲ್ದಾರ್, ಪಿಡಿಒ, ಮುಖ್ಯ ಶಿಕ್ಷಕರದ್ದೂ ಹೌದು. ಆದರೆ ಅವರು ಹೇಳಿಯಾರು ಎಂದು ಇವರು, ಇವರು ಹೇಳಿಯಾರು ಎಂದು ಅವರು ಸುಮ್ಮನಿರುತ್ತಾರೆ.

ಆಶಾ ಅಕ್ಕಂದಿರ ಅಳುಕು ಸುಳ್ಳಲ್ಲ. ಅವರು ಅದೇ ಊರಲ್ಲಿ ಬಾಳಬೇಕು. ಕೇಸಿಗೆ ಹೆದರಿ ಮನೆಯಲ್ಲೇ ಹೆರಿಗೆ ಮಾಡಿಸಿದರೆ ಹುಡುಗಿಯ ಜೀವಕ್ಕೇ ಕುತ್ತು. ಅದಕ್ಕೇ ನಾವು ಹೇಳುವುದು, ಆಸ್ಪತ್ರೆಯವರೆಗೆ ಕಾಯಬಾರದು. ಸುದ್ದಿ ಮೊದಲು ಸಿಗುವುದು ಹಾಜರಿ ಪುಸ್ತಕದಲ್ಲಿ. ಒಂದು ವಾರ ಗೈರಾದ ಕೂಡಲೇ ಮನೆಗೆ ಹೋಗಿ ಕೇಳಿದರೆ ಎಷ್ಟೋ ಮದುವೆ ನಿಶ್ಚಿತಾರ್ಥದಲ್ಲೇ ನಿಲ್ಲುತ್ತವೆ.

ಹರಪನಹಳ್ಳಿಯವರ ಪಾಡು ಇನ್ನೊಂದು ಥರ. 1997ರಲ್ಲಿ ದಾವಣಗೆರೆ ಜಿಲ್ಲೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಹತ್ತಿರದ ದಾವಣಗೆರೆ ಬಿಟ್ಟು ಕೊಟ್ಟೂರು, ಹಗರಿಬೊಮ್ಮನಹಳ್ಳಿ ದಾಟಿ ಹೊಸಪೇಟೆಗೆ ಹೋಗಬೇಕು. ನೊಂದ ಮಗುವಿನ ತಾಯಿ ಕೂಲಿ ಬಿಟ್ಟು ಎಷ್ಟು ಸಲ ಅಲೆದಾಳು? ಊಟ, ಬಟ್ಟೆ, ಓಡಾಟದ ಖರ್ಚಿಗೆ ತಕ್ಷಣ ಹಣ ಕೊಡಿ ಎಂದು ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು, ವಾರದೊಳಗೆ ಅದು ಕೈಗೆ ಬರಬೇಕು ಎಂದು 2020ರ ಪೋಕ್ಸೊ ನಿಯಮದಲ್ಲೇ ಇದೆ. ಇದನ್ನು ಆ ತಾಯಿಗೆ ಹೇಳುವವರು ಯಾರು? ಮಗುವಿನ ಹೇಳಿಕೆಯನ್ನು ಮನೆಯಲ್ಲೇ, ಪೊಲೀಸರು ಸಮವಸ್ತ್ರ ಇಲ್ಲದೆ ಪಡೆಯಬೇಕು ಎಂಬುದನ್ನೂ ಯಾರೂ ಹೇಳುವುದಿಲ್ಲ.

ಪಂಚಾಯ್ತಿಗಳಲ್ಲಿ ಮಹಿಳೆಯರ ಮತ್ತು ಮಕ್ಕಳ ಕಾವಲು ಸಮಿತಿ ಎಂಬುದಿದೆ. ಹೊಸದೇನೂ ಬೇಡ, ಅದು ತಿಂಗಳಿಗೊಮ್ಮೆ ಕೂರಲಿ. ಮುಖ್ಯ ಶಿಕ್ಷಕರು, ಆಶಾ, ಅಂಗನವಾಡಿ ಟೀಚರ್, ಬೀಟ್ ಪೊಲೀಸ್, ಪಿಡಿಒ ತಮ್ಮ ತಮ್ಮ ಪಟ್ಟಿ ತಂದು ಜೋಡಿಸಿ ನೋಡಲಿ. ಯಾವ ಮಗುವಿನ ಮನೆಗೆ ಯಾರು ಹೋಗುತ್ತಾರೆ ಎಂದು ಅಲ್ಲೇ ಬರೆದುಕೊಳ್ಳಲಿ. ಹೆಸರು ಮಾತ್ರ ವಾಟ್ಸಾಪ್ ಗುಂಪಿಗೆ ಹೋಗಕೂಡದು, ಅದೂ ಅಪರಾಧವೇ.

ಮುಂದಿನ ಮಕ್ಕಳ ಗ್ರಾಮಸಭೆಗೆ ನೀವೂ ಹೋಗಿ. ಕಾವಲು ಸಮಿತಿ ಕೊನೆಗೆ ಕೂತಿದ್ದು ಯಾವತ್ತು, ನಡಾವಳಿ ಪುಸ್ತಕ ತೋರಿಸಿ ಎಂದು ಪಿಡಿಒ ಅವರನ್ನು ಕೇಳಿ. ಅಲ್ಲಿಯವರೆಗೆ ಕಾಯಲಾಗದ ಸಂಗತಿಯಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಹೋಗುವುದಿಲ್ಲ.