ಬೂಷ್ಟು ಓನರ್‌ದಾ, ನಮ್ದಾ?

ಡಿಸೆಂಬರ್‌ನಲ್ಲಿ ಹಾಸನದ ಚಳಿ ಗೊತ್ತಲ್ಲ? ಸಂಜೆ ಆರಕ್ಕೇ ಕಿಟಕಿ ಬಂದ್. ಸೊಳ್ಳೆಯೂ ಇಲ್ಲ, ಚಳಿಯೂ ಇಲ್ಲ ಅಂತ ಖುಷಿ. ಬೆಳಿಗ್ಗೆ ಎದ್ದರೆ ಗಾಜಿನ ಮೇಲೆ ನೀರು ಇಳೀತಾ ಇರುತ್ತೆ. ಅದರ ಮೇಲೆ ಬೆರಳಲ್ಲಿ ಹೆಸರು ಬರೆದು, ಫೋಟೋ ತೆಗೆದು ಸ್ಟೇಟಸ್ ಹಾಕಿ ಕ್ಲಾಸಿಗೆ ಓಡೋದು. ಹೋದ ಚಳಿಗಾಲದಲ್ಲಿ ಬಾಡಿಗೆ ರೂಮಿನಲ್ಲಿದ್ದ ನಾವು ಮೂವರೂ ಮಾಡಿದ್ದು ಇಷ್ಟೇ.

ನಮ್ಮಲ್ಲೊಬ್ಬನಿಗೆ ಚಿಕ್ಕಂದಿನಿಂದ ಉಬ್ಬಸ. ಆ ತಿಂಗಳು ಪೂರ್ತಿ ರಾತ್ರಿ ಕೆಮ್ಮುತ್ತಿದ್ದ. "ಇಂಟರ್ನಲ್ಸ್ ಹತ್ರ ಬಂತಲ್ಲ ಮಗಾ, ಅದಕ್ಕೇ ಕೆಮ್ಮು" ಅಂತ ಆಡಿಕೊಂಡವರು ನಾವೇ. ಒಂದು ರಾತ್ರಿ ಇನ್‌ಹೇಲರ್‌ಗೂ ಬಗ್ಗದೆ, ಆಟೋ ಹುಡುಕಿ ಆಸ್ಪತ್ರೆಗೆ ಹೋಗಬೇಕಾಯ್ತು. ಡಾಕ್ಟರ್ ಕೇಳಿದ್ದು, "ರೂಮಿನಲ್ಲಿ ತೇವ ಇದೆಯಾ?"

ಮರುದಿನ ಅವನ ಅಮ್ಮ ಬಂದರು. ಬಾಗಿಲಲ್ಲೇ ನಿಂತು, "ಏನ್ರೋ ಇದು ಮುಗ್ಗಲು ವಾಸನೆ, ಮೊದಲು ಕಿಟಕಿ ತೆಗೀರಿ" ಅಂದರು. ಇಂಗ್ಲಿಷ್ ಮೀಡಿಯಂನ ನಮಗೆ ಆ ಪದ ಹೊಸದು. ವಾಸನೆಗಂತೂ ಮೂಗು ಒಗ್ಗಿಹೋಗಿತ್ತು. ಅವನ ಮಂಚ, ಪಕ್ಕದ ಬೀರು ಎಳೆದು ನೋಡಿದರೆ ಹಿಂದಿನ ಗೋಡೆಯೆಲ್ಲ ಕಪ್ಪು ಬೂಷ್ಟು.

ಓನರ್ ಅಂಕಲ್, "ನೀವು ಗಲೀಜು ಮಾಡ್ಕೊಂಡಿದ್ದೀರಿ, ಪೇಂಟಿಂಗ್ ದುಡ್ಡು ಅಡ್ವಾನ್ಸ್‌ನಲ್ಲಿ ಹಿಡ್ಕೋತೀನಿ" ಅಂದರು. ನಾವು, "ನಿಮ್ಮ ಗೋಡೆ ಲೀಕ್ ಅಂಕಲ್" ಅಂದೆವು. ಆಮೇಲೆ ಗೊತ್ತಾಯ್ತು, ಇಬ್ಬರದ್ದೂ ತಪ್ಪು.

ಇದಕ್ಕೊಂದು ಸುಲಭದ ಟೆಸ್ಟ್ ಇದೆ. ಗೋಡೆ ಒರೆಸಿ ಒಣಗಿಸಿ, ಒಂದು ತುಂಡು ಅಲ್ಯೂಮಿನಿಯಂ ಫಾಯಿಲ್ ಇಟ್ಟು ನಾಲ್ಕೂ ಕಡೆ ಟೇಪ್ ಹಚ್ಚಿ ಎರಡು ದಿನ ಬಿಡಿ. ಫಾಯಿಲ್‌ನ ಒಳಬದಿ, ಅಂದರೆ ಗೋಡೆಯ ಕಡೆ ನೀರಿದ್ದರೆ ತೇವ ಗೋಡೆಯಿಂದ ಬರ್ತಿದೆ. ಹೊರಬದಿಯಲ್ಲಿದ್ದರೆ ರೂಮಿನ ಗಾಳಿಯದ್ದು. ನಮ್ಮ ಫಾಯಿಲ್‌ನಲ್ಲಿ ಹನಿ ಕೂತಿದ್ದು ಹೊರಬದಿಯಲ್ಲಿ.

ಹಾಗಾದರೆ ಆ ನೀರು ಎಲ್ಲಿಂದ ಬಂತು? ಲೆಕ್ಕ ಹಾಕೋಣ. ಮಲಗಿರುವ ಒಬ್ಬ ಮನುಷ್ಯ ಉಸಿರು, ಚರ್ಮದ ಮೂಲಕ ಗಂಟೆಗೆ ಸುಮಾರು 40 ಗ್ರಾಂ ನೀರು ಬಿಡ್ತಾನೆ. ಮೂವರು, ಎಂಟು ಗಂಟೆ: 960 ಗ್ರಾಂ. ನಮ್ಮ ರೂಮು 10 ಅಡಿ × 12 ಅಡಿ, ಎತ್ತರ 10 ಅಡಿ, ಅಂದರೆ ಸುಮಾರು 34 ಘನ ಮೀಟರ್. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹಿಡಿಯೋದು ಹೆಚ್ಚೆಂದರೆ 17 ಗ್ರಾಂ ಆವಿ, ಒಟ್ಟು 580 ಗ್ರಾಂ. ಮಿಕ್ಕಿದ್ದು ಎಲ್ಲಿಗೆ ಹೋಗಬೇಕು? ತಣ್ಣಗಿರುವ ಗಾಜಿಗೆ, ಬೀರುವಿನ ಹಿಂದೆ ಗಾಳಿಯಾಡದ ಗೋಡೆಗೆ. ಇದರ ಜೊತೆ ಫ್ಯಾನ್ ಕೆಳಗೆ ಒಣಗೋ ಜೀನ್ಸ್, ಮ್ಯಾಗಿ ಬೇಯಿಸೋ ಕೆಟಲ್, ಬಾಗಿಲು ಹಾಕದ ಬಾತ್‌ರೂಮಿನ ಬಿಸಿನೀರ ಹಬೆ. ಇಬ್ಬನಿ ಬಿಂದು, ಅದೇ ಡ್ಯೂ ಪಾಯಿಂಟ್, ಡೆಫಿನಿಷನ್ ಬರೆದು ಮಾರ್ಕ್ಸ್ ತಗೊಂಡವರು ನಾವು. ಅದು ದಿನಾ ಬೆಳಿಗ್ಗೆ ಕಿಟಕಿ ಮೇಲೆ ಕಂಡರೂ ಗುರುತು ಹಿಡೀಲಿಲ್ಲ.

"ಹೊರಗೆ ಮಂಜು ಇರುವಾಗ ಕಿಟಕಿ ತೆಗೆದರೆ ಇನ್ನೂ ತೇವ ಬರಲ್ವಾ?" ಅಂತ ಕೇಳ್ತೀರಿ. ಬರಲ್ಲ. 15 ಡಿಗ್ರಿಯ ಮಂಜಿನ ಗಾಳಿಯಲ್ಲೂ ಘನ ಮೀಟರಿಗೆ 13 ಗ್ರಾಂಗಿಂತ ಹೆಚ್ಚು ಆವಿ ಇರಲ್ಲ. ಒಳಗೆ ಬಂದು ಬೆಚ್ಚಗಾದರೆ ಅದು ನಮ್ಮ ಗಾಳಿಗಿಂತ ಒಣಗಾಳಿಯೇ. ಮಳೆಗಾಲದಲ್ಲಿ ಈ ಲೆಕ್ಕ ಅಷ್ಟು ಕೆಲಸ ಮಾಡಲ್ಲ, ಚಳಿಗಾಲದಲ್ಲಿ ಮಾಡುತ್ತೆ.

ಹಾಗಾಗಿ ಈಗ ಎದ್ದ ತಕ್ಷಣ ಕಿಟಕಿ, ಬಾಗಿಲು ಎರಡೂ ಹತ್ತು ನಿಮಿಷ ತೆಗೀತೀವಿ. ಗಾಜು ಒರೆಸಿ ಬಟ್ಟೆ ಹೊರಗೆ ಹಿಂಡ್ತೀವಿ. ಒಗೆದ ಬಟ್ಟೆ ಟೆರೇಸ್‌ಗೆ. ಮಂಚ, ಬೀರು ಗೋಡೆಯಿಂದ ಒಂದು ಗೇಣು ದೂರ. ಬೂಷ್ಟನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ, ಅದರ ಬೀಜಕಣ ರೂಮೆಲ್ಲ ಹಾರುತ್ತೆ. ಮಾಸ್ಕ್ ಹಾಕಿ, ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಉಬ್ಬಸ ಇರೋರನ್ನು ಆ ಹೊತ್ತು ಹೊರಗೆ ಕಳಿಸಿ. ಬ್ಲೀಚ್ ಜೊತೆ ಟಾಯ್ಲೆಟ್ ಕ್ಲೀನರ್ ಅಂತೂ ಬೆರೆಸಲೇಬೇಡಿ, ಕ್ಲೋರಿನ್ ಅನಿಲ ಬರುತ್ತೆ. ಬೂಷ್ಟಿನ ಮೇಲೇ ಪೇಂಟ್ ಹೊಡೆಸೋದು ದುಡ್ಡು ದಂಡ.

ಹಾಗಂತ ತಪ್ಪೆಲ್ಲ ನಮ್ಮದೇ ಅಂತ ಒಪ್ಪಲ್ಲ. ರೂಮಿನ ವೆಂಟಿಲೇಟರ್‌ಗೆ ಪ್ಲೈವುಡ್ ಹೊಡೆದಿತ್ತು, ಬಾತ್‌ರೂಮಿಗೆ ಎಕ್ಸಾಸ್ಟ್ ಫ್ಯಾನ್ ಇರಲಿಲ್ಲ. ಹಳೇ ಹೆಂಚಿನ ಮನೆಗಳಲ್ಲಿ ಹೆಂಚಿನ ಸಂದಿ, ಗವಾಕ್ಷಿಯಿಂದ ಗಾಳಿ ತಾನಾಗಿಯೇ ಆಡುತ್ತಿತ್ತು. ಆರ್‌ಸಿಸಿ ಡಬ್ಬಿ ಕಟ್ಟಿ ಮೂವರನ್ನು ತುಂಬೋರು ಗಾಳಿಗೂ ಒಂದು ದಾರಿ ಬಿಡಬೇಕು. ತೇವ, ಬೂಷ್ಟು ಇರೋ ಮನೆಗಳಲ್ಲಿ ಉಬ್ಬಸ, ಉಸಿರಾಟದ ತೊಂದರೆ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಹೇಳಿದೆ. ಸಿವಿಲ್ ಬ್ರಾಂಚಿನ ಗೆಳೆಯರೇ, ನಾಳೆ ಪ್ಲಾನ್ ಹಾಕೋರು ನೀವೇ ತಾನೆ?

ಫಾಯಿಲ್, ಲೆಕ್ಕ ಎರಡನ್ನೂ ಅಂಕಲ್‌ಗೆ ತೋರಿಸಿದೆವು. ಪ್ಲೈವುಡ್ ಬಿಚ್ಚಿಸಿ ಮೆಶ್ ಹಾಕಿಸಿದರು. ಪೇಂಟಿಂಗ್ ದುಡ್ಡಲ್ಲಿ ಅರ್ಧ ಹಿಡ್ಕೊಂಡರು, ಅದು ಬೇರೆ ವಿಷಯ. ಈ ಡಿಸೆಂಬರ್‌ನಲ್ಲಿ ನಿಮ್ಮ ರೂಮಿನಲ್ಲೂ ಯಾರಾದರೂ ರಾತ್ರಿ ಕೆಮ್ಮುತ್ತಿದ್ದರೆ, ಆಡಿಕೊಳ್ಳೋ ಮುಂಚೆ ಒಮ್ಮೆ ಬೀರು ಸರಿಸಿ ನೋಡಿ.